ಸೇತುವೆಯೂ ಭೂಗರ್ಭಶಾಸ್ತ್ರವೂ

ಸೇತುವೆಯೊಂದು ಸಿದ್ಧವಾದ ದಿನ ನಮ್ಮ ಜನರು ಮೊದಲು ಕೇಳುವ ಪ್ರಶ್ನೆಗಳು ಅದರ ಉದ್ದವೆಷ್ಟು, ಎತ್ತರವೆಷ್ಟು, ವೆಚ್ಚವೆಷ್ಟು ಎಂಬುವೇ ಆಗಿವೆ. ಮಂತ್ರಿಗಳು ಪಟ್ಟಿಯನ್ನು ಕತ್ತರಿಸುವರು. ಗುತ್ತಿಗೆದಾರರ ಕೊರಳಿಗೆ ಹಾರ ಬೀಳುವುದು. ಇಂಜನಿಯರುಗಳ ಭಾವಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುವುವು. ಇವೆಲ್ಲವೂ ಯುಕ್ತವೇ. ಆದರೆ ಆ ಸೇತುವೆಯ ಕಂಬಗಳು ಎಂತಹ ನೆಲದ ಮೇಲೆ ನಿಂತಿವೆ, ಆ ನೆಲವನ್ನು ಪರೀಕ್ಷಿಸಿದವರು ಯಾರು, ಎಷ್ಟು ಆಳದವರೆಗೆ ಪರೀಕ್ಷಿಸಿದರು ಎಂದು ಕೇಳುವವರು ನೂರಕ್ಕೊಬ್ಬರು ಇದ್ದರೆ ಹೆಚ್ಚು. ಪತ್ರಿಕೆ ನಡೆಸುವ ನಾವೂ ಈ ದೋಷದಿಂದ ಮುಕ್ತರಲ್ಲ. ಕಣ್ಣಿಗೆ ಕಾಣುವ ಉಕ್ಕಿಗೆ ಅಂಕಣಗಟ್ಟಲೆ ಸ್ಥಳವನ್ನು ಕೊಡುತ್ತೇವೆ. ಕಾಣದ ಬಂಡೆಗೆ ಒಂದು ಸಾಲನ್ನೂ ಕೊಡುವುದಿಲ್ಲ. ಸೇತುವೆಯು ಕುಸಿದಾಗ ಮಾತ್ರ ಎಲ್ಲರ ದೃಷ್ಟಿಯೂ ಕೆಳಕ್ಕಿಳಿಯುತ್ತದೆ. ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತೇ ಹೊರತು ವಿವೇಕವೆನಿಸಲಾರದು.

ನೆಲವನ್ನರಿಯದೆ ಕೆಲಸಕ್ಕೆ ಕೈಹಾಕಬಾರದೆಂಬುದು ನಮಗೆ ಹೊಸ ಪಾಠವಲ್ಲ. ನಾವು ಚಿಕ್ಕವರಾಗಿದ್ದಾಗ ಹಳ್ಳಿಗಳಲ್ಲಿ ಬಾವಿ ತೋಡುವ ಹಿರಿಯರು, ಮಣ್ಣು ಮುಗಿದು ಕಲ್ಲು ಸಿಕ್ಕಿದೊಡನೆ ಹಾರೆಯನ್ನು ಬದಿಗಿಟ್ಟು, ಸುತ್ತಿಗೆಯಿಂದ ಆ ಕಲ್ಲನ್ನು ನಾಲ್ಕಾರು ಕಡೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದುದನ್ನು ಕಂಡಿದ್ದೇವೆ. ಗಟ್ಟಿ ಕಲ್ಲು ಗಂಟೆಯಂತೆ ನಾದಗೊಡುವುದು. ಒಳಗೆ ಸೀಳಿದ ಕಲ್ಲು ಒಡೆದ ಮಡಕೆಯಂತೆ ಸದ್ದುಮಾಡುವುದು. ಶಾಸ್ತ್ರವನ್ನೋದದ ಆ ಕುಶಲಿಗಳು ಅರಿತಿದ್ದುದನ್ನೇ ಇಂದಿನ ಭೂಗರ್ಭಶಾಸ್ತ್ರವು ಅಳತೆಯಿಂದಲೂ ಗಣಿತದಿಂದಲೂ ವಿಸ್ತರಿಸಿದೆ. ದೊಡ್ಡ ಸೇತುವೆಗಳ ವಿಷಯದಲ್ಲಿ ಈ ಶಾಸ್ತ್ರದ ಅಧಿಕಾರವೆಷ್ಟು, ಅದನ್ನು ಅಲಕ್ಷಿಸಿದರೆ ಒದಗುವ ಹಾನಿಯೆಷ್ಟು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸೇತುವೆಯೆಂಬುದು ಭಾರವನ್ನು ಹೊರುವ ವಸ್ತುವೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು ಭಾರವನ್ನು ಸಾಗಿಸುವ ವಸ್ತು. ಕಟ್ಟಕಡೆಗೆ ಭಾರವನ್ನು ಹೊರುವುದು ಭೂಮಿಯೇ. ತೊಲೆಗಳ ಸೇತುವೆಯು ತನ್ನ ಭಾರವನ್ನು ಕಂಬಗಳ ಮೂಲಕ ನೇರವಾಗಿ ಕೆಳಕ್ಕೆ ಒತ್ತುತ್ತದೆ. ಕಮಾನಿನ ಸೇತುವೆಯು ಕೆಳಕ್ಕೆ ಒತ್ತುವುದಲ್ಲದೆ ಎರಡು ದಡಗಳನ್ನೂ ಹೊರಕ್ಕೆ ನೂಕುತ್ತದೆ. ತೂಗುಸೇತುವೆಯ ಹಗ್ಗಗಳು ದಡಗಳನ್ನು ಒಳಕ್ಕೆ ಎಳೆಯುತ್ತವೆ. ಆದುದರಿಂದ ಒಂದು ಬಗೆಯ ಸೇತುವೆಗೆ ಒಪ್ಪುವ ನೆಲವು ಇನ್ನೊಂದಕ್ಕೆ ಒಪ್ಪದೆ ಹೋಗಬಹುದು. ಬೆಟ್ಟದ ಬಂಡೆಯೊಳಗಿನ ಸೀಳುಗಳು ಕಣಿವೆಯ ಕಡೆಗೆ ಇಳಿಜಾರಾಗಿದ್ದರೆ, ಮೇಲಿನ ಭಾರಕ್ಕೆ ಆ ಬಂಡೆಯು ಒಂದರ ಮೇಲೊಂದಿಟ್ಟ ಹಲಗೆಗಳಂತೆ ಜಾರಬಹುದು. ಅದೇ ಸೀಳುಗಳು ಬೆಟ್ಟದ ಒಳಗಡೆಗೆ ಇಳಿದಿದ್ದರೆ ಆ ಭಯವು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕಲ್ಲಿನ ಜಾತಿಯೊಂದನ್ನೇ ತಿಳಿದರೆ ಸಾಲದು; ಅದರ ಸೀಳು, ಅದರ ವಾಲು, ಅದರೊಳಗಿನ ನೀರು ಇವುಗಳನ್ನೂ ತಿಳಿಯಬೇಕು.

ಇದಕ್ಕೆ ನಮ್ಮ ದೇಶದಲ್ಲಿಯೇ ಉಜ್ವಲವಾದ ನಿದರ್ಶನವೊಂದು ದೊರೆತಿದೆ. ಉಧಂಪುರದಿಂದ ಶ್ರೀನಗರದ ಮೂಲಕ ಬಾರಾಮುಲ್ಲಾದವರೆಗೆ ಹೋಗುವ 272 ಕಿಲೋಮೀಟರುಗಳ ರೈಲುದಾರಿಯು 2025ನೆಯ ಇಸವಿ ಜೂನ್ 6ರಂದು ಪೂರ್ಣವಾಗಿ ತೆರೆಯಲ್ಪಟ್ಟಿತು. ಆ ದಾರಿಯಲ್ಲಿ, ಜಮ್ಮುವಿನ ರಿಯಾಸಿ ಜಿಲ್ಲೆಯಲ್ಲಿ, ನಮ್ಮ ಪೂರ್ವಿಕರು ಚಂದ್ರಭಾಗೆಯೆಂದು ಕರೆದ ಚಿನಾಬ್ ನದಿಯನ್ನು ಉಕ್ಕಿನ ಕಮಾನೊಂದು ದಾಟುತ್ತದೆ. ನದಿಯ ಪಾತ್ರದಿಂದ ಅದರ ಎತ್ತರ 359 ಮೀಟರು. ಸೇತುವೆಯ ಉದ್ದ 1315 ಮೀಟರು. ಕಮಾನಿನ ಹರವು 467 ಮೀಟರು. ಜಗತ್ತಿನ ರೈಲುಸೇತುವೆಗಳಲ್ಲಿ ಇಷ್ಟು ಎತ್ತರವಾದುದು ಮತ್ತೊಂದಿಲ್ಲ. ಈ ಅಂಕಿಗಳನ್ನು ಎಲ್ಲರೂ ಓದಿದ್ದಾರೆ. ಆದರೆ ಈ ಮಹಾಕಮಾನಿನ ಪಾದಗಳನ್ನು ಊರಬೇಕಾಗಿದ್ದ ಬೆಟ್ಟವು ಎಂತಹುದೆಂಬುದನ್ನು ಬಲ್ಲವರು ಸ್ವಲ್ಪವೇ.

ಅಲ್ಲಿನ ಶಿಲೆಯು ಡಾಲಮೈಟ್ ಎಂಬುದು, ಸುಣ್ಣಕಲ್ಲಿನ ಬಂಧುವೆನ್ನಬಹುದು. ಹಿಮಾಲಯವು ಇನ್ನೂ ಎದ್ದು ನಿಲ್ಲುತ್ತಿರುವ ಪರ್ವತ. ಅದನ್ನು ಮೇಲೆತ್ತುತ್ತಿರುವ ಶಕ್ತಿಗಳು ಈ ಶಿಲೆಯನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಒಡೆದು ಜರ್ಜರಿತವನ್ನಾಗಿ ಮಾಡಿವೆ. ಪ್ರದೇಶವು ಭೂಕಂಪದ ಭಯವು ಅತ್ಯಂತ ಹೆಚ್ಚಾಗಿರುವ ವಲಯಕ್ಕೆ ಸೇರಿದುದು. ಈ ಇಳಿಜಾರುಗಳನ್ನು ಸ್ಥಿರಪಡಿಸಿ ಅಡಿಪಾಯವನ್ನು ನಿಲ್ಲಿಸುವ ಕಾರ್ಯಕ್ಕೆ ಸಲಹೆಗಾರರಾಗಿ ಹದಿನೇಳು ವರ್ಷಗಳ ಕಾಲ ದುಡಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಶ್ರೀಮತಿ ಜಿ. ಮಾಧವಿ ಲತಾ ಅವರು ಎಂಬುದು ಕನ್ನಡನಾಡಿಗೆ ಹೆಮ್ಮೆಯ ವಿಷಯ. ಬೆಟ್ಟವನ್ನು ಅಗೆಯುತ್ತ ಹೋದಂತೆ, ಮೊದಲಿನ ಪರೀಕ್ಷೆಗಳಲ್ಲಿ ಕಾಣದಿದ್ದ ಸೀಳುಗಳೂ ಪೊಳ್ಳುಗಳೂ ಬೆಳಕಿಗೆ ಬಂದುವು. ಹೀಗಿರಲು, ಒಮ್ಮೆ ಬರೆದ ನಕ್ಷೆಯನ್ನೇ ಹಿಡಿದು ಕೂರದೆ, ಕಂಡ ಶಿಲೆಗೆ ತಕ್ಕಂತೆ ವಿನ್ಯಾಸವನ್ನು ದಿನದಿನಕ್ಕೂ ತಿದ್ದುತ್ತ ಹೋಗುವ ಕ್ರಮವನ್ನು ಅವರು ಅನುಸರಿಸಿದರು. ಸೀಳುಗಳಿಗೆ ಸಿಮೆಂಟಿನ ಗಾರೆಯನ್ನು ಒತ್ತಡದಿಂದ ತುಂಬಲಾಯಿತು. ಉಕ್ಕಿನ ಸಲಾಕೆಗಳನ್ನು ಬಂಡೆಯೊಳಕ್ಕೆ ನಾಟಿ ಸಡಿಲವಾದ ಪದರಗಳನ್ನು ಹೊಲಿಯಲಾಯಿತು. ಸೇತುವೆಯನ್ನು ಕಟ್ಟುವುದಕ್ಕೆ ಮುಂಚೆ ಬೆಟ್ಟವನ್ನೇ ಕಟ್ಟಿದರೆಂದರೆ ಅತಿಶಯೋಕ್ತಿಯಾಗಲಾರದು.

ಇದೇ ದಾರಿಯಲ್ಲಿ, ಇದೇ ಜಿಲ್ಲೆಯಲ್ಲಿ, ಅಂಜಿ ಎಂಬ ಹೊಳೆಯಿದೆ. ಅದರ ಮೇಲೂ ಕಮಾನು ಸೇತುವೆಯನ್ನೇ ಕಟ್ಟಬೇಕೆಂದು ಮೊದಲು ಆಲೋಚಿಸಲಾಗಿತ್ತು. ಆದರೆ ಅಲ್ಲಿಯ ಬೆಟ್ಟದ ಮೈ ಕಮಾನಿನ ನೂಕುವಿಕೆಯನ್ನು ತಾಳಲಾರದೆಂದು ಭೂಗರ್ಭಪರೀಕ್ಷೆಯಿಂದ ಕಂಡುಬಂದಿತು. ಆಗ ರೈಲ್ವೆಯವರು ಹಟವನ್ನು ಹಿಡಿಯದೆ, ಕಮಾನನ್ನು ಕೈಬಿಟ್ಟು, ಅಡಿಪಾಯದಿಂದ 193 ಮೀಟರು ಎತ್ತರವಾದ ಒಂದೇ ಒಂದು ಗೋಪುರವನ್ನು ನಿಲ್ಲಿಸಿ, ಅದರಿಂದ ಇಳಿಬಿಟ್ಟ 96 ಉಕ್ಕಿನ ಹಗ್ಗಗಳಿಂದ ದಾರಿಯನ್ನು ಹಿಡಿದು ತೂಗುವ ಸೇತುವೆಯನ್ನು ಕಟ್ಟಿದರು. ಭಾರತದ ರೈಲುದಾರಿಗಳಲ್ಲಿ ಈ ಬಗೆಯ ಸೇತುವೆಗಳಲ್ಲಿ ಇದೇ ಮೊದಲನೆಯದು. ಇದೂ ಅದೇ ದಿನವೇ ತೆರೆಯಲ್ಪಟ್ಟಿತು. ಒಂದೇ ದಾರಿ, ಒಂದೇ ಸರ್ಕಾರ, ಒಂದೇ ಕಾಲ. ಆದರೂ ಎರಡು ಸೇತುವೆಗಳ ರೂಪ ಬೇರೆಬೇರೆ. ಭೇದಕ್ಕೆ ಕಾರಣ ಇಂಜನಿಯರರ ರುಚಿಯಲ್ಲ, ಬೆಟ್ಟದ ತೀರ್ಪು. ನೆಲವು ಬೇಡವೆಂದುದನ್ನು ಬೇಡವೆಂದು ಒಪ್ಪಿಕೊಂಡ ಈ ವಿನಯವೇ ವಿಜ್ಞಾನದ ನಿಜವಾದ ಲಕ್ಷಣವೆಂದು ನಾವು ಭಾವಿಸುತ್ತೇವೆ.

ನೆಲದ ವಿಷಯದಲ್ಲಿ ಪಂಡಿತರಿಗೇ ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕೆಂದು ವಾಚಕರು ಕೇಳಬಹುದು. ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯ ಚರಿತ್ರೆಯು ಇದಕ್ಕೆ ಉತ್ತರ ಕೊಡುತ್ತದೆ. ಅದರ ದಕ್ಷಿಣದ ಗೋಪುರವು ಸರ್ಪೆಂಟೈನ್ ಎಂಬ ಹಸುರು ಶಿಲೆಯ ಮೇಲೆ ನಿಲ್ಲಬೇಕಾಗಿತ್ತು. ಈ ಶಿಲೆಯು ದುರ್ಬಲವಾದುದು, ಗೋಪುರದ ಭಾರಕ್ಕೆ ಜಾರಿಹೋಗುವುದು ಎಂದು ಸ್ಟ್ಯಾನ್‌ಫರ್ಡಿನ ಬೇಲಿ ವಿಲ್ಲಿಸ್ ಎಂಬ ಹಿರಿಯ ಭೂಗರ್ಭಶಾಸ್ತ್ರಜ್ಞರು ಬಹಿರಂಗವಾಗಿ ಆಕ್ಷೇಪಿಸಿದರು. ಸೇತುವೆಯ ಕಡೆಯ ಸಲಹೆಗಾರರಾದ ಆ್ಯಂಡ್ರೂ ಲಾಸನ್‌ರು ಸಾಮಾನ್ಯರಲ್ಲ. ಸಾನ್ ಆಂಡ್ರಿಯಾಸ್ ಭೂಭ್ರಂಶಕ್ಕೆ ಹೆಸರಿಟ್ಟವರು ಅವರೇ. ಅವರು ಕುರ್ಚಿಯಲ್ಲಿ ಕುಳಿತು ಖಂಡನವನ್ನು ಬರೆದು ತೃಪ್ತರಾಗಲಿಲ್ಲ. 1934ರ ಡಿಸೆಂಬರಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ನೀರನ್ನು ಹೊರಹಾಕಿದ ಗುಂಡಿಗೆ ಸ್ವತಃ ಇಳಿದು, ಸಮುದ್ರದ ಮಟ್ಟಕ್ಕಿಂತ ನೂರಡಿಗೂ ಕೆಳಗಿದ್ದ ಬಂಡೆಯನ್ನು ಸುತ್ತಿಗೆಯಿಂದ ಬಡಿದು ನೋಡಿ, ಅದು ಉಕ್ಕಿನಂತೆ ನಾದಗೊಡುವುದೆಂದು ವರದಿ ಮಾಡಿದರು. 1937ರಲ್ಲಿ ತೆರೆದ ಆ ಸೇತುವೆಯು ಇಂದಿಗೂ ಅಚಲವಾಗಿ ನಿಂತಿದೆ. ನಮ್ಮ ಬಾವಿ ತೋಡುವವರ ಪರೀಕ್ಷೆಯೂ ಆ ಮಹಾಪಂಡಿತರ ಪರೀಕ್ಷೆಯೂ ಕೊನೆಗೆ ಒಂದೇ ಆಯಿತಲ್ಲವೆ? ವಿವಾದವು ಬಂದಾಗ ತೀರ್ಪು ಕೊಡಬೇಕಾದುದು ಸ್ಥಳವೇ ಹೊರತು ಕಚೇರಿಯ ಕಡತವಲ್ಲ. ವಿಲ್ಲಿಸರ ಆಕ್ಷೇಪವೂ ವ್ಯರ್ಥವಾಗಲಿಲ್ಲ. ಅದರ ದೆಸೆಯಿಂದಲೇ ಅಡಿಪಾಯವು ಮತ್ತೊಮ್ಮೆ ಪರೀಕ್ಷೆಗೆ ಒಳಗಾಯಿತು.

ಸುತ್ತಿಗೆಯ ನಾದವು ಮೇಲ್ಮೈಯನ್ನು ಮಾತ್ರ ಹೇಳುತ್ತದೆ. ಆಳವನ್ನು ತಿಳಿಯಬೇಕಾದರೆ ವಜ್ರದ ಹಲ್ಲುಗಳುಳ್ಳ ಟೊಳ್ಳು ಬೈರಿಗೆಯಿಂದ ಕೊರೆದು, ಕಬ್ಬಿನ ಜಲ್ಲೆಯಂತೆ ಉದ್ದವಾದ ಶಿಲೆಯ ದಂಡವನ್ನು ಹೊರತೆಗೆಯಬೇಕು. ಬಂಡೆಯು ಅಖಂಡವಾಗಿದ್ದರೆ ದಂಡವು ಉದ್ದುದ್ದ ತುಂಡುಗಳಾಗಿ ಬರುವುದು. ಜರ್ಜರಿತವಾಗಿದ್ದರೆ ಚೂರುಚೂರಾಗಿ ಬರುವುದು. ಅಮೆರಿಕದ ಡಾನ್ ಡೀರ್ ಎಂಬವರು 1960ರ ದಶಕದಲ್ಲಿ ಇದಕ್ಕೊಂದು ಸುಲಭವಾದ ಅಳತೆಯನ್ನು ಕೊಟ್ಟರು. ಹತ್ತು ಸೆಂಟಿಮೀಟರಿಗಿಂತ ಉದ್ದವಾದ ಗಟ್ಟಿ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಒಟ್ಟು ಉದ್ದದಲ್ಲಿ ಅದು ನೂರಕ್ಕೆಷ್ಟು ಎಂದು ಲೆಕ್ಕ ಹಾಕುವುದು. ತೊಂಬತ್ತಕ್ಕೆ ಮೇಲಾದರೆ ಶಿಲೆ ಅತ್ಯುತ್ತಮ. ಇಪ್ಪತ್ತೈದಕ್ಕೆ ಕೆಳಗಾದರೆ ಅತಿ ನಿಕೃಷ್ಟ. ಇಷ್ಟು ಸರಳವಾದ ಲೆಕ್ಕವನ್ನು ತಾಲ್ಲೂಕಿನ ಅಧಿಕಾರಿಗಳೂ ಪೌರಸಭೆಯ ಸದಸ್ಯರೂ ಕೇಳಿ ತಿಳಿದುಕೊಳ್ಳಬಹುದು, ತಿಳಿದುಕೊಳ್ಳಬೇಕು.

ಬಂಡೆಯೇ ಇಲ್ಲದ ಕಡೆ ಏನು ಗತಿ? ಗಂಗೆಯ ಬಯಲಿನಲ್ಲಿ ಹಿಮಾಲಯದಿಂದ ನದಿಗಳು ತಂದು ಹರಡಿದ ಮರಳೂ ಜೇಡಿಯೂ ಎಷ್ಟು ಆಳವಾಗಿವೆಯೆಂದರೆ ಕೊರೆದರೆ ಬಂಡೆಯು ಕೈಗೆಟುಕುವ ಮಾತೇ ಇಲ್ಲ. ಅಂತಹ ಸ್ಥಳಗಳಲ್ಲಿ ನಮ್ಮ ದೇಶದ ಪುರಾತನವಾದ ಉಪಾಯವೇ ಇಂಜನಿಯರುಗಳಿಗೆ ನೆರವಾಯಿತು. ಬಾವಿಯ ಗೋಡೆಯಂತೆ ಉರುಟಾದ ಕಟ್ಟಡವನ್ನು ಮರಳಿನ ಮೇಲೆ ಕಟ್ಟಿ, ಒಳಗಿನ ಮರಳನ್ನು ತೋಡುತ್ತ ಬಂದರೆ, ಅದು ತನ್ನ ಭಾರದಿಂದಲೇ ಕೆಳಕ್ಕೆ ಇಳಿಯುತ್ತದೆ. ಇಂದು ಬಾಂಗ್ಲಾದೇಶದಲ್ಲಿರುವ ಪದ್ಮಾನದಿಯ ಹಾರ್ಡಿಂಜ್ ಸೇತುವೆಗೆ ಹೀಗೆ ನೂರೈವತ್ತು ಅಡಿಗಳಷ್ಟು ಆಳಕ್ಕೆ ಬಾವಿಗಳನ್ನು ಇಳಿಸಿ 1915ರಲ್ಲಿ ಅದನ್ನು ತೆರೆದರು. ಅದೇ ನದಿಯ ಮೇಲೆ 2022ರಲ್ಲಿ ತೆರೆದ ಪದ್ಮಾ ಸೇತುವೆಗೆ ಮೂರು ಮೀಟರು ವ್ಯಾಸದ ಉಕ್ಕಿನ ಕೊಳವೆಗಳನ್ನು ಸುಮಾರು 120 ಮೀಟರು ಆಳದವರೆಗೆ ಹೊಡೆಯಬೇಕಾಯಿತು. ಕೆಲಸವು ನಡೆಯುತ್ತಿದ್ದಾಗ ಕೆಲವು ಕಂಬಗಳ ಕೆಳಗೆ, ಗಟ್ಟಿ ಮರಳು ಇರಬೇಕಾದ ಆಳದಲ್ಲಿ, ಜೇಡಿಯ ಪದರಗಳು ಕಂಡುಬಂದುವು. ಅಂತಹ ಕಂಬಗಳಿಗೆ ಆರಕ್ಕೆ ಬದಲಾಗಿ ಏಳು ಕೊಳವೆಗಳನ್ನು ಹೊಡೆಯುವಂತೆ ವಿನ್ಯಾಸವನ್ನೇ ಬದಲಿಸಬೇಕಾಯಿತು. ಕಾಲವೂ ಹಣವೂ ವ್ಯಯವಾದುವು. ಸಮತಟ್ಟಾಗಿ, ಎಲ್ಲೆಲ್ಲಿಯೂ ಒಂದೇ ಸಮನಾಗಿ ತೋರುವ ನದೀಪಾತ್ರದಲ್ಲಿಯೂ ಕಂಬದಿಂದ ಕಂಬಕ್ಕೆ ನೆಲವು ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮರಳಿನ ನದಿಯಲ್ಲಿ ಸ್ಥಳದ ಆಯ್ಕೆಯೇ ಅರ್ಧ ಕೆಲಸ. ಬಿಹಾರದ ಮೊಕಾಮದ ಬಳಿ ಗಂಗೆಗೆ ಸೇತುವೆಯನ್ನು ಕಟ್ಟಬೇಕಾಗಿ ಬಂದಾಗ, ಸ್ಥಳವನ್ನು ನಿರ್ಣಯಿಸುವುದಕ್ಕೆ ನಮ್ಮ ಸರ್. ಎಂ. ವಿಶ್ವೇಶ್ವರಯ್ಯನವರ ಸಲಹೆಯನ್ನು ಪಡೆಯಲಾಯಿತು. ಆಗ ಅವರಿಗೆ ತೊಂಬತ್ತು ವರ್ಷ ದಾಟಿತ್ತು. ರಾಜೇಂದ್ರ ಸೇತುವೆಂದು ಹೆಸರಾದ ಅದು 1959ರಲ್ಲಿ ತೆರೆಯಿತು. ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಗಿಂತ ಮೊದಲು ಬಗೆಹರಿಸಬೇಕೆಂಬ ಪಾಠವನ್ನು ಆ ಕಾರ್ಯದಿಂದ ನಾವು ಕಲಿಯತಕ್ಕದ್ದಾಗಿದೆ.

ಇನ್ನು ಸೇತುವೆಗಳ ಪರಮಶತ್ರುವಿನ ವಿಷಯ. ಅದು ಗಾಳಿಯೂ ಅಲ್ಲ, ಭಾರವೂ ಅಲ್ಲ. ಕಂಬದ ಬುಡದಲ್ಲಿ ನಡೆಯುವ ಕೊರೆತ. ಪ್ರವಾಹವು ಬಂದಾಗ ನೀರು ಕಂಬಕ್ಕೆ ಬಡಿದು, ಕೆಳಕ್ಕೆ ತಿರುಗಿ, ಸುಳಿಸುತ್ತಿ, ಬುಡದ ಮರಳನ್ನು ಹೊತ್ತೊಯ್ಯುತ್ತದೆ. ಪ್ರವಾಹವು ಇಳಿಯುವಾಗ ಹೊಸ ಮರಳು ಬಂದು ಆ ಗುಂಡಿಯನ್ನು ಮುಚ್ಚಿಬಿಡುತ್ತದೆ. ಬೇಸಗೆಯಲ್ಲಿ ತನಿಖೆಗೆ ಬಂದ ಅಧಿಕಾರಿಗೆ ಎಲ್ಲವೂ ಸುಭದ್ರವಾಗಿಯೇ ಕಾಣುತ್ತದೆ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸ್ಕೊಹಾರಿ ಹೊಳೆಯ ಸೇತುವೆಯ ಅಡಿಪಾಯವು ಹಿಮನದಿಗಳು ಬಿಟ್ಟುಹೋದ ಮಣ್ಣುಕಲ್ಲುಗಳ ಮೇಲೆ ಹೆಚ್ಚು ಆಳವಿಲ್ಲದೆ ನಿಂತಿತ್ತು. 1987ರ ಏಪ್ರಿಲ್ 5ರಂದು ಪ್ರವಾಹವು ಆ ಬುಡವನ್ನು ಕೊರೆದು ಸೇತುವೆಯು ಉರುಳಿತು. ಹತ್ತು ಜನರು ಪ್ರಾಣ ಕಳೆದುಕೊಂಡರು. ನೆರೆಯ ಮಹಾರಾಷ್ಟ್ರದಲ್ಲಿ 2016ರ ಆಗಸ್ಟ್ 2ರ ರಾತ್ರಿ, ಮಹಾಡದ ಬಳಿ ಸಾವಿತ್ರಿ ನದಿಯ ಮೇಲಣ ಬ್ರಿಟಿಷರ ಕಾಲದ ಕಲ್ಲುಸೇತುವೆಯು ಪ್ರವಾಹದಲ್ಲಿ ಕೊಚ್ಚಿಹೋಗಿ, ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರ ಸಮೇತ ನದಿಯ ಪಾಲಾದ ದುಃಖವನ್ನು ನಾವು ಮರೆಯಲಾರೆವು.

ಈ ಕೊರೆತವು ಎಷ್ಟು ಆಳಕ್ಕೆ ಹೋಗಬಹುದೆಂದು ಮುಂಚಿತವಾಗಿ ಲೆಕ್ಕ ಹಾಕುವುದಕ್ಕೆ ಸಾಧನವಿಲ್ಲದೆ ಇಲ್ಲ. ಭಾರತದ ಕಾಲುವೆಗಳಲ್ಲಿ ಕೆಲಸ ಮಾಡಿದ ಜೆರಾಲ್ಡ್ ಲೇಸಿ ಎಂಬ ಇಂಜನಿಯರು 1930ರ ಸುಮಾರಿಗೆ ಕೊಟ್ಟ ಸೂತ್ರವು ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಪ್ರವಾಹದ ಪರಿಮಾಣವೊಂದು ಅಂಶ; ನದಿಯ ಮರಳಿನ ಕಣಗಳ ದಪ್ಪವು ಇನ್ನೊಂದು. ಕಣವು ನುಣುಪಾದಷ್ಟೂ ಕೊರೆತವು ಆಳವಾಗುವುದು. ಒಂದು ಹಿಡಿ ಮರಳನ್ನು ಜರಡಿ ಹಿಡಿದು ನೋಡುವ ಭೂಗರ್ಭಶಾಸ್ತ್ರದ ಅಲ್ಪಕಾರ್ಯದ ಮೇಲೆ ಕೋಟ್ಯಂತರ ರೂಪಾಯಿಗಳ ಅಡಿಪಾಯದ ಆಳವು ನಿಂತಿದೆಯೆಂದರೆ, ಆ ಕಾರ್ಯವನ್ನು ಅಲ್ಪವೆಂದು ಹೇಗೆ ಹೇಳೋಣ? ಇದೇ ಸಡಿಲ ಮರಳು ಭೂಕಂಪದಲ್ಲಿ ಇನ್ನೊಂದು ಅಪಾಯವನ್ನು ತರುತ್ತದೆ. ನೀರು ತುಂಬಿದ ಮರಳು ಕುಲುಕಿದಾಗ ಗಂಜಿಯಂತಾಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಜಪಾನಿನ ನೀಗಾಟಾದಲ್ಲಿ 1964ರ ಭೂಕಂಪವು ಬಂದಾಗ ಆಗತಾನೆ ಕಟ್ಟಿ ಮುಗಿಸಿದ್ದ ಷೋವಾ ಸೇತುವೆಯು ಹೀಗೆಯೇ ಕುಸಿಯಿತು.

ನಮ್ಮ ಮೈಸೂರು ಸೀಮೆಯವರು ಇದನ್ನೆಲ್ಲ ಓದಿ, ನಮ್ಮ ನೆಲವು ಗಟ್ಟಿ ಬಂಡೆ, ನಮಗೇಕೆ ಈ ಚಿಂತೆ ಎಂದುಕೊಳ್ಳಬಹುದು. ನಮ್ಮ ನಾಡಿನ ತಳಹದಿಯಾದ ನೈಸ್ ಶಿಲೆಯು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂಬುದು ನಿಜ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರೆಲ್ಲರೂ ಅದರ ಮೇಲೆ ನಿಂತವರೇ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿಸಿದ ಕಲ್ಲುಸೇತುವೆಯು ಇಂತಹ ಬಂಡೆಯ ಮೇಲೆಯೇ ಕಲ್ಲಿನ ಕಂಬ, ಕಲ್ಲಿನ ತೊಲೆಗಳನ್ನು ಊರಿ ನಿಂತು, ಎರಡು ಶತಮಾನಗಳ ಪ್ರವಾಹಗಳನ್ನು ಕಂಡಿದೆ. ಆದರೆ ಎಲ್ಲ ಹೊಳೆಗಳೂ ಶ್ರೀರಂಗಪಟ್ಟಣದಂತೆ ತಮ್ಮ ಬಂಡೆಯನ್ನು ತೆರೆದು ತೋರಿಸುವುದಿಲ್ಲ. ಮಳೆ ಬಿಸಿಲುಗಳಿಂದ ಕೊಳೆತು ಮಣ್ಣಾದ ಶಿಲೆಯ ನಡುವೆ ಆನೆಗಾತ್ರದ ಗುಂಡುಗಳು ಕೊಳೆಯದೆ ಉಳಿದಿರುತ್ತವೆ. ಬೈರಿಗೆಯು ಅಂತಹ ಗುಂಡಿಗೆ ತಾಗಿದಾಗ, ಮೂಲಬಂಡೆಯು ಸಿಕ್ಕಿತೆಂದು ಕೊರೆಯುವುದನ್ನು ನಿಲ್ಲಿಸಿದರೆ ಕಂಬವು ತೇಲುಗಲ್ಲಿನ ಮೇಲೆ ನಿಂತಂತಾಯಿತು. ಕರಾವಳಿಯಲ್ಲಿಯಂತೂ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಮೆತ್ತನೆಯ ಜೇಡಿ. ಅಳಿವೆಗಳಲ್ಲಿ ಆಳವಾದ ಕೆಸರು. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ ಇರುವ ನೆಲದಷ್ಟು ಮೋಸಗೊಳಿಸುವ ನೆಲವು ಬೇರೊಂದಿಲ್ಲ.

ಪರೀಕ್ಷೆಗೆ ಹಣವೆಲ್ಲಿ, ಕಾಲವೆಲ್ಲಿ ಎಂದು ಅಧಿಕಾರಿಗಳು ಕೇಳುವುದುಂಟು. ನೆಲದ ಪರೀಕ್ಷೆಗೆ ತಗಲುವ ವೆಚ್ಚವು ಸೇತುವೆಯ ಒಟ್ಟು ವೆಚ್ಚದಲ್ಲಿ ಒಂದು ಸಣ್ಣ ಭಾಗ ಮಾತ್ರ. ಅದನ್ನು ಉಳಿಸಹೊರಟವರು ಮುಂದೆ ಅದರ ಅನೇಕಪಟ್ಟನ್ನು ತೆರುತ್ತಾರೆ. ಕೆಲಸದ ನಡುವೆ ನಕ್ಷೆಯು ಬದಲಾದರೆ ಗುತ್ತಿಗೆದಾರನು ಹೆಚ್ಚಿನ ಹಣವನ್ನು ಕೇಳುವನು, ವ್ಯಾಜ್ಯವು ಬೆಳೆಯುವುದು, ಅರ್ಧ ಕಟ್ಟಿದ ಕಂಬಗಳು ವರ್ಷಗಟ್ಟಲೆ ಮಳೆಯಲ್ಲಿ ನೆನೆಯುವುವು. ಆ ಹಣವು ಪ್ರಜೆಗಳದೆಂಬುದನ್ನು ಮರೆಯಲಾಗದು. ಹಾಗೆಂದು ಎಷ್ಟು ಕೊರೆದರೂ ನೆಲದ ಸಕಲ ರಹಸ್ಯವೂ ತಿಳಿಯುವುದೆಂದು ನಾವು ಹೇಳುವುದಿಲ್ಲ. ಚಿನಾಬಿನಲ್ಲಿ ತಿಳಿಯಲಿಲ್ಲ, ಪದ್ಮೆಯಲ್ಲಿಯೂ ತಿಳಿಯಲಿಲ್ಲ. ಆದುದರಿಂದಲೇ ಭೂಗರ್ಭಶಾಸ್ತ್ರಜ್ಞನು ವರದಿಯನ್ನು ಬರೆದುಕೊಟ್ಟು ಮನೆಗೆ ಹೋಗತಕ್ಕವನಲ್ಲ. ಅಡಿಪಾಯವು ಮುಚ್ಚುವವರೆಗೆ ಸ್ಥಳದಲ್ಲಿರತಕ್ಕವನು.

ಈ ಕಾರಣಗಳಿಂದ ನಾವು ಸರ್ಕಾರದವರ ಮುಂದೆ ನಾಲ್ಕು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ. ಮೊದಲನೆಯದು, ಸೇತುವೆಯ ಸ್ಥಳವೂ ಬಗೆಯೂ ನಿಶ್ಚಯವಾಗುವ ಮುನ್ನವೇ ಭೂಗರ್ಭಶಾಸ್ತ್ರಜ್ಞರ ಅಭಿಪ್ರಾಯವನ್ನು ಪಡೆಯಬೇಕು. ನಿಶ್ಚಯವಾದ ಮೇಲೆ ಒಪ್ಪಿಗೆಯ ಮುದ್ರೆಗಾಗಿ ಅವರನ್ನು ಕರೆಯಬಾರದು. ಎರಡನೆಯದು, ಒಂದೊಂದು ಕಂಬದ ಸ್ಥಳದಲ್ಲಿಯೂ ಕೊರೆದು ನೋಡಬೇಕು, ಬಂಡೆಯು ಸಿಕ್ಕಿದ ಮೇಲೂ ಅದು ಮೂಲಬಂಡೆಯೇ ಎಂದು ನಿಶ್ಚಯವಾಗುವವರೆಗೆ ಕೊರೆಯಬೇಕು. ಮೂರನೆಯದು, ಅಗೆದ ಗುಂಡಿಯನ್ನು ಭೂಗರ್ಭಶಾಸ್ತ್ರಜ್ಞರು ಕಣ್ಣಾರೆ ಕಂಡು ಸಹಿ ಮಾಡಿದ ಹೊರತು ಕಾಂಕ್ರೀಟನ್ನು ಸುರಿಯಬಾರದು. ನಾಲ್ಕನೆಯದು, ಕೊರೆತದ ದಾಖಲೆಗಳನ್ನು ಕಾಪಾಡಿ ಸಾರ್ವಜನಿಕರಿಗೆ ದೊರೆಯುವಂತೆ ಇಡಬೇಕು. ಪ್ರತಿಯೊಂದು ದೊಡ್ಡ ಪ್ರವಾಹವಾದ ಮೇಲೂ ಮುಳುಗುಗಾರರನ್ನಿಳಿಸಿ ಹಳೆಯ ಸೇತುವೆಗಳ ಬುಡವನ್ನು ಪರೀಕ್ಷಿಸಬೇಕು. ಇವುಗಳಲ್ಲಿ ಕೆಲವು ಈಗಾಗಲೇ ನಿಯಮಗಳಲ್ಲಿ ಇವೆಯೆಂದು ಯಾರಾದರೂ ಹೇಳಿದರೆ, ನಿಯಮವು ಪುಸ್ತಕದಲ್ಲಿದ್ದರೆ ಸೇತುವೆಯು ನಿಲ್ಲದು, ಆಚರಣೆಯಲ್ಲಿದ್ದರೆ ನಿಲ್ಲುವುದು ಎಂಬುದೇ ನಮ್ಮ ಉತ್ತರ.

ನಾಗರಿಕರ ಕರ್ತವ್ಯವೂ ಸ್ವಲ್ಪ ಇದೆ. ಮುಂದೆ ನಿಮ್ಮ ಊರಿನ ಹೊಳೆಗೆ ಸೇತುವೆಯು ಮಂಜೂರಾದಾಗ, ಅದು ಎಂದು ಮುಗಿಯುವುದೆಂದು ಕೇಳುವುದಕ್ಕೆ ಮುಂಚೆ, ಅದರ ಕೆಳಗೆ ಏನಿದೆಯೆಂದು ಕೇಳಿರಿ. ಕೇಳುವವರಿದ್ದರೆ ಪರೀಕ್ಷಿಸುವವರೂ ಇರುತ್ತಾರೆ. ಸೇತುವೆಯ ಮೇಲೆ ಹೋಗುವ ತಾಯಿ ಮಕ್ಕಳಿಗೆ ಬಂಡೆಯ ಹೆಸರು ತಿಳಿಯಬೇಕಾಗಿಲ್ಲ. ಆದರೆ ಅದನ್ನು ಒಬ್ಬರಾದರೂ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ಸತ್ಯವನ್ನು ಬರೆದಿಟ್ಟಿದ್ದಾರೆಂಬ ಭರವಸೆಯು ಅವರಿಗೆ ಇರಬೇಕು. ಆ ಭರವಸೆಯನ್ನು ಕೊಡುವುದು ರಾಜ್ಯಭಾರ ನಡೆಸುವವರ ಹೊಣೆ.